ಕಿನೆಕ್ಟ್‌ನಿಂದ ಕೈಸನ್ನೆ ನಿಯಂತ್ರಣ: ನಾನು ಕೂರಿಸಿಕೊಂಡ ಬಗೆ

ಸ್ಲೈಡ್ ಹಿಂದೆ ಮುಂದೆ ಮಾಡುವುದು, ವಿಡಿಯೊ ನಿಲ್ಲಿಸಿ ಮತ್ತೆ ಓಡಿಸುವುದು. ಇಷ್ಟನ್ನು ಬರಿಗೈಯಲ್ಲಿ ಮಾಡಲು ಮೈಕ್ರೋಸಾಫ್ಟ್‌ನ ಹಳೆಯ ಕಿನೆಕ್ಟ್, ಅಂದರೆ ದೂರ ಅಳೆಯುವ ಕ್ಯಾಮೆರಾ, ಒಂದಿದ್ದರೆ ಸಾಕು. ಕೈ ಎಲ್ಲಿದೆ ಎಂದು ಹುಡುಕುವ ಪ್ರೋಗ್ರಾಂ ಸುಲಭ. ಆದರೆ ಎದುರಿಗಿರುವವರು ತಲೆ ಕೆರೆದುಕೊಂಡರೆ ಸ್ಲೈಡ್ ಹಾರಬಾರದು, ಹೊತ್ತು ತಿನ್ನುವುದು ಅಲ್ಲಿ. ಹಾಗಾಗಿ ಕೆಳಗಿನ ಅರ್ಧಕ್ಕರ್ಧ ಮಾತು ಸನ್ನೆಯಲ್ಲದ್ದನ್ನು ಹೇಗೆ ಕೈಬಿಡುವುದು ಎಂಬುದರ ಮೇಲೇ ಇದೆ.

ಮೊದಲು ಯಂತ್ರ. 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರಕ್ಕೆಂದು ಬಂದ ಕಿನೆಕ್ಟ್ ಇನ್‌ಫ್ರಾರೆಡ್ ಲೇಸರ್‌ನ ಚುಕ್ಕೆಗಳನ್ನು ಎದುರಿಗೆ ಎರಚುತ್ತದೆ. ಸುಮಾರು 7.5 ಸೆಂ.ಮೀ. ಪಕ್ಕದಲ್ಲಿರುವ ಕ್ಯಾಮೆರಾ ಆ ಚುಕ್ಕೆಗಳು ಎಷ್ಟು ಸರಿದಿವೆ ಎಂದು ನೋಡಿ ದೂರ ಲೆಕ್ಕ ಹಾಕುತ್ತದೆ. 640×480 ಪಿಕ್ಸೆಲ್, ಸೆಕೆಂಡಿಗೆ 30 ಫ್ರೇಮ್. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದ ಎರಡನೆಯದು ಬೆಳಕು ಹೋಗಿಬರುವ ಸಮಯ ಅಳೆಯುತ್ತದೆ, ಪಿಕ್ಸೆಲ್ 512×424. ಎರಡನೆಯದಕ್ಕೆ ಯುಎಸ್‌ಬಿ 3.0 ಬೇಕೇ ಬೇಕು, ಅದರಲ್ಲೂ ಕೆಲವು ಕಂಟ್ರೋಲರ್ ಚಿಪ್‌ಗಳೊಂದಿಗೆ ಅದು ಜಗಳವಾಡುತ್ತದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ತಂತ್ರಾಂಶ ಕಿಟ್ ಎಸ್‌ಡಿಕೆ 2.0 ಹಾಕಿಕೊಂಡರೆ ಅಂಗೈ ಬಿಚ್ಚಿದೆಯೋ ಮುಷ್ಟಿಯೋ ಎಂದು ಅದೇ ಹೇಳಿಬಿಡುತ್ತದೆ. ಲಿನಕ್ಸ್ ಮೇಲೆ ಎಲ್ಲವೂ ಕೈಹಿಡಿತದಲ್ಲಿರಲಿ ಎಂದು ನಾನು ಮೊದಲನೆಯದನ್ನೇ ಆರಿಸಿಕೊಂಡೆ.

ಬುಡದ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. 1414 ಸಿಕ್ಕರೆ ಅದನ್ನೇ ಹಿಡಿಯಿರಿ. 1473 ಕೂಡ ನಡೆಯುತ್ತದೆ, ಆದರೆ ಅದರ ಮೋಟರ್ ಮತ್ತು ದೀಪವನ್ನು ಆಡಿಸಬೇಕೆಂದರೆ ಲಿಬ್‌ಫ್ರೀನೆಕ್ಟ್ ಎಂಬ ಮುಕ್ತ ಡ್ರೈವರ್‌ನಲ್ಲಿ ಮೊದಲು ಆಡಿಯೊ ಭಾಗಕ್ಕೆ ಫರ್ಮ್‌ವೇರ್ ತುಂಬಬೇಕು. ಕಂಪ್ಯೂಟರಿಗೆ ಜೋಡಿಸಲು 12 ವೋಲ್ಟ್‌ನ ಪ್ರತ್ಯೇಕ ಅಡಾಪ್ಟರ್ ಇರಲೇಬೇಕು, ಬರೀ ಯುಎಸ್‌ಬಿ ಕರೆಂಟ್ ಸಾಲದು. 1414ರಲ್ಲಿ ಸಾಧನಗಳ ಪಟ್ಟಿ ತೆಗೆದಾಗ ಮೋಟರ್ ಮಾತ್ರ ಕಾಣಿಸಿ ಕ್ಯಾಮೆರಾ ಕಾಣದಿದ್ದರೆ 12 ವೋಲ್ಟ್ ಬರುತ್ತಿಲ್ಲ ಎಂದೇ ಅರ್ಥ. ಕ್ಯಾಮೆರಾ ಕಂಡೂ ತೆರೆಯದಿದ್ದರೆ, ಬಹುಮಟ್ಟಿಗೆ ಲಿನಕ್ಸ್ ಕರ್ನಲ್‌ನ ಜಿಎಸ್‌ಪಿಸಿಎ-ಕಿನೆಕ್ಟ್ ಎಂಬ ಡ್ರೈವರ್ ಮಾಡ್ಯೂಲ್ ಅದನ್ನು ಆಗಲೇ ಹಿಡಿದುಕೊಂಡು ಕೂತಿರುತ್ತದೆ. ಅದನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ ರೀಬೂಟ್ ಮಾಡಬೇಕು. ವಾಲಿಸುವ ಮೋಟರ್ ಮೇಲಕ್ಕೂ ಕೆಳಕ್ಕೂ 27 ಡಿಗ್ರಿ ತಿರುಗುತ್ತದೆ. ಅದನ್ನು ಪ್ರೋಗ್ರಾಂನಿಂದಲೇ ತಿರುಗಿಸಿ, ಕೈಯಿಂದ ಒತ್ತಬೇಡಿ. ಒಳಗಿರುವುದು ಪುಟ್ಟ ಗಿಯರ್.

ಎಲ್ಲಿ ಇಡಬೇಕು ಎನ್ನುವುದನ್ನು ಲೆಕ್ಕವೇ ಹೇಳುತ್ತದೆ. ಈ ಕ್ಯಾಮೆರಾದ ಫೋಕಲ್ ಲೆಂತ್ ಸುಮಾರು 585 ಪಿಕ್ಸೆಲ್. ಮಿಲಿಮೀಟರ್‌ನಲ್ಲಿರುವ ದೂರವನ್ನು 585ರಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಅಗಲ ಎಂದು ಗೊತ್ತಾಗುತ್ತದೆ. 1 ಮೀಟರ್‌ನಲ್ಲಿ ಅದು 1.7 ಮಿ.ಮೀ., ಅಂದರೆ ಬೆರಳೊಂದಕ್ಕೆ ಎಂಟೊಂಬತ್ತು ಪಿಕ್ಸೆಲ್. 2 ಮೀಟರ್‌ಗೆ ಹೋದರೆ ಬೆರಳಿಗೆ ನಾಲ್ಕೇ ಉಳಿಯುತ್ತವೆ, ದೂರದ ಅಳತೆಯೂ ಸುಮಾರು 1 ಸೆಂ.ಮೀ. ಮೆಟ್ಟಿಲಿನಲ್ಲಿ ಜಿಗಿಯುತ್ತದೆ. 80 ಸೆಂ.ಮೀ.ಗಿಂತ ಹತ್ತಿರವಾದರೆ ನೆಚ್ಚಿಕೊಳ್ಳುವ ಹಾಗಿಲ್ಲ. ಆದ್ದರಿಂದ ಕೈ 1.2ರಿಂದ 1.8 ಮೀಟರ್ ನಡುವೆ ಬರುವಂತೆ, ಭುಜದ ಎತ್ತರದಲ್ಲಿ ಕ್ಯಾಮೆರಾ ಇಡುವುದು ಒಳ್ಳೆಯದು. ಬೆರಳುಗಳನ್ನು ಎಣಿಸುವ ಸನ್ನೆಗಳ ಆಸೆಯನ್ನು ಇಲ್ಲೇ ಬಿಟ್ಟುಬಿಡಿ. ಬಿಚ್ಚಿದ ಅಂಗೈ, ಮುಷ್ಟಿ, ಬೀಸು, ಈ ಮೂರು ಗಟ್ಟಿಯಾಗಿ ಸಿಗುತ್ತವೆ.

ಕಿಟಕಿಯ ಬಿಸಿಲು ಮೊದಲ ಕಿನೆಕ್ಟ್‌ಗೆ ಆಗದು, ಲೇಸರ್ ಚುಕ್ಕೆಗಳೇ ಅದರಲ್ಲಿ ಮುಳುಗಿಹೋಗುತ್ತವೆ. ಹ್ಯಾಲೊಜನ್ ದೀಪವೂ ತೊಂದರೆಯೇ. ಎಲ್‌ಇಡಿ ಬೆಳಕಾದರೆ ಚಿಂತೆಯಿಲ್ಲ, ಕತ್ತಲಾದರೂ ಚಿಂತೆಯಿಲ್ಲ.

ಇನ್ನು ಕೈಯನ್ನು ಬೇರ್ಪಡಿಸುವುದು. ಪ್ರತಿ ಪಿಕ್ಸೆಲ್‌ನ ದೂರ ಹೇಳುವ ಡೆಪ್ತ್ ಚಿತ್ರವನ್ನು ಮಿಲಿಮೀಟರ್ ರೂಪದಲ್ಲೇ ಕೇಳಿ ಪಡೆಯಿರಿ. ಅದರಲ್ಲಿ 0 ಎಂದರೆ ಅತಿ ಹತ್ತಿರ ಅಲ್ಲ, ಓದಲಾಗಲಿಲ್ಲ ಎಂದು. ಇದನ್ನು ಮರೆತರೆ ಅತ್ಯಂತ ಹತ್ತಿರದ ಬಿಂದು ಯಾವಾಗಲೂ ಗಾಳಿಯಲ್ಲಿ ಸಿಗುತ್ತದೆ. ಕೈಯ ಒಂದು ಅಂಚಿಗೆ ಸದಾ ಅಂಟಿಕೊಂಡಿರುವ ಕಪ್ಪು ಪಟ್ಟಿಯೂ ಈ ಸೊನ್ನೆಗಳದ್ದೇ: ಕೈ ಅಡ್ಡವಾದ್ದರಿಂದ ಲೇಸರ್ ತಲುಪದ ನೆರಳು ಅದು. ಪ್ರತಿ ಪಿಕ್ಸೆಲ್‌ಗೂ ಸುತ್ತಲಿನ 5×5 ಬೆಲೆಗಳಲ್ಲಿ ನಡುವಿನದನ್ನು ಕೊಡುವ ಮೀಡಿಯನ್ ಫಿಲ್ಟರ್ ಹಾಯಿಸಿ, ಸೊನ್ನೆಗಳನ್ನು ತೆಗೆದು, ಉಳಿದದ್ದರಲ್ಲಿ ಕನಿಷ್ಠ ಬೆಲೆಯ ಬದಲು ಕೆಳಗಿನಿಂದ ಇನ್ನೂರನೆಯ ಬೆಲೆ ತೆಗೆದುಕೊಳ್ಳುತ್ತೇನೆ. ಒಂದೆರಡು ಪುಂಡ ಪಿಕ್ಸೆಲ್‌ಗಳ ಆಟ ಆಗ ನಡೆಯುವುದಿಲ್ಲ. ಅಲ್ಲಿಂದ ಹಿಂದಕ್ಕೆ 12 ಸೆಂ.ಮೀ. ದಪ್ಪದ ಪದರವನ್ನಷ್ಟೇ ಉಳಿಸಿದರೆ ಅಂಗೈ ಮತ್ತು ಮಣಿಕಟ್ಟು ಸಿಗುತ್ತವೆ.

ಸಿಕ್ಕಿದ್ದು ಕೈಯೇ ಎಂದು ಖಚಿತಪಡಿಸಲು ವಿಸ್ತೀರ್ಣ ನೋಡಬೇಕು, ಅದೂ ಪಿಕ್ಸೆಲ್‌ನಲ್ಲಲ್ಲ. ಪಿಕ್ಸೆಲ್ ಎಣಿಕೆಯನ್ನು ಒಂದು ಪಿಕ್ಸೆಲ್‌ನ ಅಗಲದ ವರ್ಗದಿಂದ ಗುಣಿಸಿದರೆ ಚದರ ಮಿಲಿಮೀಟರ್ ಬರುತ್ತದೆ. 120 ಚದರ ಸೆಂ.ಮೀ. ಇರುವ ಕೈ 1 ಮೀಟರ್‌ನಲ್ಲಿ ಸುಮಾರು 4,100 ಪಿಕ್ಸೆಲ್, 2 ಮೀಟರ್‌ನಲ್ಲಿ ಸಾವಿರದ ಆಸುಪಾಸು. ಒಂದೇ ಪಿಕ್ಸೆಲ್ ಮಿತಿ ಇಟ್ಟುಕೊಂಡ ಪ್ರೋಗ್ರಾಂ ಹತ್ತಿರದಲ್ಲಿ ಕೆಲಸ ಮಾಡಿ ಎರಡು ಹೆಜ್ಜೆ ಹಿಂದೆ ಸರಿದೊಡನೆ ಕೈಕೊಡುವುದು ಇದಕ್ಕೇ. ನನ್ನ ಮಿತಿ 50ರಿಂದ 220 ಚದರ ಸೆಂ.ಮೀ.

ಅಂಗೈಯ ಕೇಂದ್ರಕ್ಕೆ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣಾ ಲೈಬ್ರರಿಯ ಡಿಸ್ಟೆನ್ಸ್ ಟ್ರಾನ್ಸ್‌ಫಾರ್ಮ್ ಬಳಸಿ. ಆಕಾರದ ಒಳಗಿನ ಪ್ರತಿ ಬಿಂದು ಅಂಚಿನಿಂದ ಎಷ್ಟು ದೂರ ಎಂದು ಅದು ಹೇಳುತ್ತದೆ, ಅದರ ಗರಿಷ್ಠ ಬಿಂದುವೇ ಕೇಂದ್ರ. ಆಕಾರದ ಸರಾಸರಿ ಬಿಂದು ತೆಗೆದುಕೊಂಡರೆ ಬೆರಳು ಬಿಚ್ಚಿ ಮುಚ್ಚಿದಾಗಲೆಲ್ಲ ಕೇಂದ್ರ ಕುಣಿಯುತ್ತದೆ. ಮುಷ್ಟಿಯೋ ಅಂಗೈಯೋ ಎಂಬುದಕ್ಕೆ ಕೈಯ ವಿಸ್ತೀರ್ಣವನ್ನು ಅದರ ಕಾನ್ವೆಕ್ಸ್ ಹಲ್‌ನ (ಕೈಯ ಸುತ್ತ ಬಿಗಿಯಾಗಿ ದಾರ ಸುತ್ತಿದರೆ ಬರುವ ಆಕಾರ) ವಿಸ್ತೀರ್ಣದಿಂದ ಭಾಗಿಸಿ ನೋಡುತ್ತೇನೆ. ಬೆರಳು ಅಗಲಿಸಿದರೆ ಅನುಪಾತ ಇಳಿಯುತ್ತದೆ, ಮುಷ್ಟಿ ಕಟ್ಟಿದರೆ 1ರ ಹತ್ತಿರ ಏರುತ್ತದೆ. 0.88 ದಾಟಿದರೆ ಮುಷ್ಟಿ, 0.78ಕ್ಕಿಂತ ಇಳಿದರೆ ಅಂಗೈ, ನಡುವೆ ಇದ್ದರೆ ಹಿಂದಿನ ತೀರ್ಮಾನವೇ ಮುಂದುವರಿಯುತ್ತದೆ. ನಡುವಿನ ಈ ಜಾಗ ಬಿಡದಿದ್ದರೆ ವಿಡಿಯೊ ಸೆಕೆಂಡಿಗೆ ಹತ್ತು ಸಲ ನಿಂತು ಓಡುತ್ತದೆ. ಬೆರಳುಗಳು ನೇರ ಕ್ಯಾಮೆರಾದತ್ತ ಚಾಚಿದ್ದರೆ ಅಂಗೈಯೂ ಮುಷ್ಟಿಯಾಗಿಯೇ ಕಾಣುತ್ತದೆ. ಅದಕ್ಕೆ ಮದ್ದಿಲ್ಲ, ಅಂಗೈ ತೋರಿಸಿ ಎಂದು ಬಳಸುವವರಿಗೆ ಹೇಳುವುದೊಂದೇ ದಾರಿ.

ನಡುಕ ಕಳೆಯಲು ಐದಾರು ಫ್ರೇಮ್‌ಗಳ ಸರಾಸರಿ ಹಾಕುವವರಿದ್ದಾರೆ. ನಡುಕವೇನೋ ಹೋಗುತ್ತದೆ, ಆದರೆ ಕರ್ಸರ್ ಕೈಯ ಹಿಂದೆ ತೂಕಡಿಸಿಕೊಂಡು ಬರುತ್ತದೆ. 2012ರಲ್ಲಿ ಪ್ರಕಟವಾದ ಒನ್ ಯೂರೊ ಫಿಲ್ಟರ್ ಇದಕ್ಕೆ ಎಷ್ಟೋ ವಾಸಿ: ಕೈ ನಿಧಾನವಾಗಿದ್ದಾಗ ಹೆಚ್ಚು ಸೋಸುತ್ತದೆ, ಬಿರುಸಾದಾಗ ಬಿಟ್ಟುಕೊಡುತ್ತದೆ. ಇದರಲ್ಲಿ ಕಟ್‌ಆಫ್ ಇಳಿಸಿದಷ್ಟೂ ಸೋಸುವುದು ಹೆಚ್ಚು, ಬೀಟಾ ಏರಿಸಿದಷ್ಟೂ ಬಿರುಸಿನಲ್ಲಿ ಬಿಟ್ಟುಕೊಡುವುದು ಹೆಚ್ಚು. ಹೊಂದಿಸುವ ಕ್ರಮ ಇದು. ಬೀಟಾವನ್ನು 0 ಮಾಡಿ, ಕನಿಷ್ಠ ಕಟ್‌ಆಫ್ 1 ಹರ್ಟ್ಸ್‌ನಿಂದ ಶುರು ಮಾಡಿ. ಕೈ ಅಲ್ಲಾಡದೆ ಹಿಡಿದು ನಡುಕ ನಿಲ್ಲುವವರೆಗೆ ಕಟ್‌ಆಫ್ ಇಳಿಸಿ. ಆಮೇಲೆ ಕೈಯನ್ನು ಜೋರಾಗಿ ಆಡಿಸುತ್ತಾ, ಹಿಂದುಳಿಯುವುದು ತಪ್ಪುವವರೆಗೆ ಬೀಟಾ ಏರಿಸಿ. ಎರಡನ್ನೂ ಒಟ್ಟಿಗೆ ತಿರುಗಿಸಲು ಹೋದರೆ ದಿಕ್ಕು ತಪ್ಪುತ್ತದೆ.

ಈಗ ನಿಜವಾದ ತೊಡಕು. ಕೈ ಕಂಡಾಗಲೆಲ್ಲ ಆಜ್ಞೆ ಎಂದುಕೊಳ್ಳಬಾರದು. ಕೈಯಿಂದ 15ರಿಂದ 80 ಸೆಂ.ಮೀ. ಹಿಂದೆ ಬರುವ, ಕೈಯ ಎಡಬಲಕ್ಕೆ 40 ಸೆಂ.ಮೀ. ಒಳಗಿರುವ ಪಿಕ್ಸೆಲ್‌ಗಳ ಮೀಡಿಯನ್ ದೂರ ತೆಗೆಯಿರಿ. ಅಲ್ಲಿ ಎದೆಯೇ ಹೆಚ್ಚು ಜಾಗ ತುಂಬುವುದರಿಂದ ಆ ಬೆಲೆ ಮೈಯ ದೂರವೇ ಆಗಿರುತ್ತದೆ. ಕೈ ಮೈಗಿಂತ ಕನಿಷ್ಠ 30 ಸೆಂ.ಮೀ. ಮುಂದಿರಬೇಕು, ಅಂಗೈ ಬಿಚ್ಚಿರಬೇಕು, 0.4 ಸೆಕೆಂಡ್ ಕಾಲ 3 ಸೆಂ.ಮೀ.ಗಿಂತ ಹೆಚ್ಚು ಅಲ್ಲಾಡಬಾರದು. ಈ ಮೂರೂ ಕೂಡಿದರೆ ಮಾತ್ರ ವ್ಯವಸ್ಥೆ ಎಚ್ಚರವಾಗುತ್ತದೆ, ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಆ ಚುಕ್ಕೆಯನ್ನು ಬಿಡಬೇಡಿ. ಯಂತ್ರ ನೋಡಿತೋ ಇಲ್ಲವೋ ಗೊತ್ತಾಗದಿದ್ದರೆ ಜನ ಇನ್ನಷ್ಟು ಜೋರಾಗಿ ಕೈ ಬೀಸುತ್ತಾರೆ, ಗುರುತಿಸುವುದು ಇನ್ನಷ್ಟು ಕೆಡುತ್ತದೆ.

ಎಚ್ಚರವಾದ ಮೇಲೆ 0.4 ಸೆಕೆಂಡಿನೊಳಗೆ ಅಡ್ಡಕ್ಕೆ 25 ಸೆಂ.ಮೀ. ಸರಿದು, ಮೇಲೆ ಕೆಳಗೆ 8 ಸೆಂ.ಮೀ. ಮೀರದಿದ್ದರೆ ಅದು ಬೀಸು. ಅದಾದೊಡನೆ ಕೈ ಮೊದಲಿನ ಜಾಗಕ್ಕೆ ಮರಳುತ್ತದಲ್ಲ, ಅದು ಎದುರು ದಿಕ್ಕಿನ ಬೀಸಾಗಿ ಎಣಿಕೆಯಾಗಿ ಸ್ಲೈಡ್ ವಾಪಸ್ ಬಂದುಬಿಡುತ್ತದೆ. ಬರೀ 0.7 ಸೆಕೆಂಡ್ ವಿರಾಮ ಕೊಟ್ಟರೆ ಸಾಲದು, ನಿಧಾನವಾಗಿ ಕೈ ತರುವವರೂ ಇರುತ್ತಾರೆ. ವಿರಾಮದ ಜೊತೆಗೆ ಕೈಯ ವೇಗ ಸೆಕೆಂಡಿಗೆ 10 ಸೆಂ.ಮೀ.ಗಿಂತ ಇಳಿಯಲೇಬೇಕು ಎಂಬ ಷರತ್ತು ಹಾಕಿದ ಮೇಲೆ ಈ ಕಾಟ ನಿಂತಿತು. ಧ್ವನಿ ಏರಿಸಿ ಇಳಿಸುವುದನ್ನು ಕೈಸನ್ನೆಗೆ ಕೊಡಲಿಲ್ಲ. ಕೈಯನ್ನು ಎತ್ತಿ ಹಿಡಿದೇ ಇರಬೇಕಾದ ಯಾವ ಕೆಲಸವೂ ತೋಳಿಗೆ ಶಿಕ್ಷೆ.

ಗುರುತಿಸಿದ್ದನ್ನು ಕೀಲಿಯಾಗಿ ಕಳಿಸಲು ಲಿನಕ್ಸ್‌ನ ಪರದೆ ವ್ಯವಸ್ಥೆ ಎಕ್ಸ್11 ಆದರೆ ಎಕ್ಸ್‌ಡೂಟೂಲ್ ಎಂಬ ಪ್ರೋಗ್ರಾಂ ಸಾಕು, ವೇಲ್ಯಾಂಡ್ ಆದರೆ ವೈಡೂಟೂಲ್.

ಮಿತಿಗಳನ್ನು ಹೊಂದಿಸುವಾಗ ಪ್ರತಿ ಸಲ ಕ್ಯಾಮೆರಾ ಮುಂದೆ ನಿಲ್ಲಬೇಕಿಲ್ಲ. ಡೆಪ್ತ್ ಫ್ರೇಮ್‌ಗಳನ್ನು 16 ಬಿಟ್‌ನಲ್ಲಿ ಹಾಗೇ ಫೈಲಿಗೆ ಬರೆದಿಟ್ಟು ಮತ್ತೆ ಓಡಿಸಿ. ಸೆಕೆಂಡಿಗೆ 18 ಎಂಬಿ, ನಿಮಿಷಕ್ಕೆ 1.1 ಜಿಬಿ ಆಗುತ್ತದೆ, ಹಾಗಾಗಿ ತುಣುಕುಗಳು ಚಿಕ್ಕದಿರಲಿ. ಅವುಗಳಲ್ಲಿ ಬೀಸುಗಳಿಗಿಂತ ಬೀಸಲ್ಲದ್ದೇ ಹೆಚ್ಚಿರಬೇಕು: ಕನ್ನಡಕ ಸರಿಪಡಿಸಿಕೊಳ್ಳುವುದು, ನೀರು ಕುಡಿಯುವುದು, ಪಕ್ಕದವರಿಗೆ ಪರದೆ ತೋರಿಸುವುದು, ಮಾತಿನ ಭರದಲ್ಲಿ ಕೈ ಆಡಿಸುವುದು. ಯಾವುದೇ ಮಿತಿ ಬದಲಿಸಿದಾಗ ಮೊದಲು ಈ ತುಣುಕುಗಳನ್ನು ಓಡಿಸಿ, ಒಂದೂ ಕೀಲಿ ಹೊರಬೀಳದಿದ್ದರೆ ಮಾತ್ರ ಬೀಸುಗಳ ತುಣುಕಿಗೆ ಹೋಗಿ.