ಟ್ರೈಲರ್ ಬಾಗಿಲಿನ ಬೀಗಕ್ಕೆ ರೀಕಾಲ್ ಇದೆಯಾ? ಹೀಗೆ ನೋಡಿ

ಟೆಕ್ಸಸ್‌ನಲ್ಲಿ ನಮ್ಮ ಹಬ್ಬದ ಅಡುಗೆ ಪಾತ್ರೆ ಸಾಗಿಸೋಕೆ ಅಂತ ಸೆಕೆಂಡ್ ಹ್ಯಾಂಡ್ ಕಾರ್ಗೋ ಟ್ರೈಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ ಸಾಮಾನಿನ ಗಾಡಿ) ಕೊಂಡಿದ್ದೆ. ಹೋದ ಯುಗಾದಿಗೆ ಹೆದ್ದಾರಿಯಲ್ಲಿ ಪಕ್ಕದ ಬಾಗಿಲು ತಾನಾಗೇ ತೆರೆದುಕೊಂಡಿತು. ಹಗ್ಗ ಬಿಗಿದಿದ್ದಕ್ಕೆ ಬಿಸಿಬೇಳೆಬಾತ್ ಕೊಳಗ ಉಳಿಯಿತು. ಆಮೇಲೆ ನೋಡಿದರೆ ಆ ಬೀಗಕ್ಕೆ ರೀಕಾಲ್ ಆಗಿತ್ತು, ಅಂದರೆ ದೋಷ ಇದೆ, ಸರಿಪಡಿಸಿಕೊಡುತ್ತೇವೆ ಅಂತ ತಯಾರಕರೇ ಹೇಳಿದ್ದರು. ಅದನ್ನು ತಿಳಿಸುವ ಕಾಗದ ಹಳೇ ಮಾಲೀಕರ ಮನೆಗೆ ಹೋಗಿತ್ತು!

ಮೊದಲು 17 ಅಕ್ಷರ-ಅಂಕಿಗಳ ವಿಐಎನ್, ಅಂದರೆ ವಾಹನದ ಗುರುತಿನ ಸಂಖ್ಯೆ, ಹುಡುಕಿ. ನನ್ನದು ಮುಂಭಾಗದ ಎಡಗಡೆ ಸ್ಟಿಕ್ಕರ್ ಮೇಲಿತ್ತು. ಮಣ್ಣು ಮೆತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಕಂಡಿತು. ತಯಾರಾದ ತಿಂಗಳು, ವರ್ಷವೂ ಅಲ್ಲೇ ಇರುತ್ತದೆ. ಫೋಟೋ ತೆಗೆದುಕೊಳ್ಳಿ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ರೀಕಾಲ್ ಪುಟ ಇದೆ. ವಿಐಎನ್ ಹಾಕಿದಾಗ ಏನೂ ಬರಲಿಲ್ಲ ಅಂತ ಸುಮ್ನೆ ಬಿಡಬೇಡಿ. ಸಣ್ಣ ಕಂಪನಿಗಳ ಟ್ರೈಲರ್ ಅಲ್ಲಿ ಸಿಗದೇ ಇರಬಹುದು. ಬ್ರ್ಯಾಂಡ್, ವರ್ಷ ಹಾಕಿಯೂ ಹುಡುಕಿ. ತಯಾರಕರಿಗೆ ಒಂದು ಫೋನ್ ಮಾಡಿ.

ರೀಕಾಲ್ ಇದ್ದರೆ ರಿಪೇರಿ ಪುಕ್ಕಟೆ. ರಸೀದಿ ಬೇಡ, ಮೊದಲ ಮಾಲೀಕರೂ ಆಗಬೇಕಿಲ್ಲ. ರೀಕಾಲ್ ಆಗುವ ಹೊತ್ತಿಗೇ ಟ್ರೈಲರ್ ಮೊದಲ ಸಲ ಮಾರಾಟವಾಗಿ 15 ವರ್ಷ ದಾಟಿದ್ದರೆ ಮಾತ್ರ ಆ ಹಕ್ಕಿಲ್ಲ.

ಬೀಗ ಬದಲಾಗುವ ತನಕ ಟ್ರೈಲರ್ ಮನೆಯಲ್ಲೇ ಇರಲಿ. ನಾನು ಎರಡು ವಾರ ಪಕ್ಕದ ಮನೆಯವರ ವ್ಯಾನ್ ಕೇಳಿ ತಂದೆ. ಬಾಡಿಗೆ, ಒಂದು ಡಬ್ಬಿ ಚಕ್ಕುಲಿ.