ತಾಮ್ರದ ಪೈಪನ್ನು ತೂತು ಮಾಡಿದ್ದು ನೀರಿನ ರಭಸ

ದಾವಣಗೆರೆಯಲ್ಲಿ ತಾಮ್ರದ ಪೈಪು ಸೋರಿದರೆ ಮೊದಲು ಬೈಗುಳ ಬೀಳುವುದು ಬೋರ್‌ವೆಲ್ ನೀರಿಗೆ. ವಿದ್ಯಾನಗರದ ಒಂದು ವಸತಿಗೃಹದಲ್ಲೂ ಅದೇ ಮಾತು. ಬಿಸಿನೀರು ಸದಾ ಸುತ್ತುತ್ತಿರಲೆಂದು ಪಂಪ್ ಕೂರಿಸಿದ್ದ ಲೈನಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಗೋಡೆಯ ಗಿಲಾವು ನೆನೆದಿತ್ತು. ಹಿಂದೆ ಬೆಸುಗೆ ಹಾಕಿಸಿದ್ದರೂ ಪಕ್ಕದಲ್ಲೇ ಮತ್ತೆ ಸೋರಿತ್ತು. "ನೀರೇ ಸರಿಯಿಲ್ಲ, ಪ್ಲಾಸ್ಟಿಕ್ ಪೈಪ್ ಹಾಕಿಬಿಡಿ" ಎಂದರು ಮಾಲೀಕರು. ಆದರೆ ಅದೇ ಟ್ಯಾಂಕಿನ ನೀರು ಹರಿಯುತ್ತಿದ್ದ ತಣ್ಣೀರಿನ ತಾಮ್ರದ ಲೈನಿನಲ್ಲಿ ಒಂದು ಹನಿಯೂ ಸೋರಿರಲಿಲ್ಲ. ನಾನು ಒಪ್ಪಲಿಲ್ಲ.

ತೂತಾದ ತುಂಡನ್ನು ತೆಗೆದು ಗರಗಸದಿಂದ ಉದ್ದಕ್ಕೆ ಸೀಳಿದೆ. ಒಳಮೈ ನೋಡದೆ ಕಾರಣ ಹೇಳುವುದು ಬರೀ ಊಹೆ. ನೇರ ಭಾಗದಲ್ಲಿ ಕಂದು ಬಣ್ಣದ ತೆಳು ಆಕ್ಸೈಡ್ ಪದರವಿತ್ತು. ತಾಮ್ರವನ್ನು ಕಾಯುವುದು ಅದೇ. ಪೈಪನ್ನು ತಿರುಗಿಸುವ ಎಲ್ಬೋ ತುಂಡು ದಾಟಿದ ಕೂಡಲೇ ಪದರ ಕಿತ್ತುಹೋಗಿ ತಾಮ್ರ ಫಳಫಳ ಹೊಳೆಯುತ್ತಿತ್ತು. ಅಲ್ಲಿ ಸಾಲುಸಾಲು ಗುಳಿಗಳು, ಹರಿವಿಗೆ ಎದುರಾಗಿ ಕುದುರೆ ನಡೆದುಹೋದ ಗೊರಸಿನ ಗುರುತುಗಳಂತೆ. ಪೈಪಿನ ತುದಿಯಲ್ಲಿ ಕಟ್ಟರ್ ಒಳಕ್ಕೆ ಮಡಿಸಿದ ಅಂಚು ಹಾಗೇ ಉಳಿದಿತ್ತು, ಬೆರಳಿಗೆ ಚುಚ್ಚುವಷ್ಟು ಚೂಪಾಗಿ. ರಭಸದ ನೀರು ಅದಕ್ಕೆ ಬಡಿದು ಸುಳಿಯಾಗುತ್ತದೆ, ಸುಳಿ ಪದರವನ್ನು ಕೀಳುತ್ತದೆ, ಬರಿಮೈಯಾದ ತಾಮ್ರ ಸವೆಯುತ್ತದೆ. ಹೊಸ ಪದರ ಕಟ್ಟಲು ಬಿಡುವೇ ಸಿಗುವುದಿಲ್ಲ.

ತಾಮ್ರದ ಪೈಪಿನಲ್ಲಿ ತಣ್ಣೀರು ಸೆಕೆಂಡಿಗೆ 2.4 ಮೀಟರ್, ಬಿಸಿನೀರು 1.5 ಮೀಟರ್ ವೇಗ ಮೀರಬಾರದು. 60 ಡಿಗ್ರಿ ದಾಟಿದರೆ ಇನ್ನೂ ನಿಧಾನವಿರಬೇಕು. ಇಲ್ಲಿದ್ದ 15 ಮಿಲಿಮೀಟರ್ ಪೈಪಿಗೆ 1.5 ಮೀಟರ್ ಎಂದರೆ ನಿಮಿಷಕ್ಕೆ ಸುಮಾರು 13 ಲೀಟರ್. ಇದನ್ನು ಅಳೆಯಲು ಬಕೆಟ್ ಸಾಕು. ಹಿಂದಿರುಗುವ ಲೈನನ್ನು ಬಿಚ್ಚಿ ಹಿಡಿದಾಗ 20 ಲೀಟರ್ ಬಕೆಟ್ 45 ಸೆಕೆಂಡಿನಲ್ಲಿ ತುಂಬಿತು. ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ 3 ಮೀಟರ್! ಪೈಪು ಸಣ್ಣದು, ಪಂಪ್ ದೊಡ್ಡದು, ಅದೂ ಹಗಲು ರಾತ್ರಿ ಓಡುತ್ತಿತ್ತು. ಬೋರ್‌ವೆಲ್ ನೀರಿನ ತಪ್ಪೇನು?

ಆ ಲೈನಿಗೆ 22 ಮಿಲಿಮೀಟರ್ ಪೈಪು ಎಳೆದೆ. ಒತ್ತಾದ ಎಲ್ಬೋಗಳ ಬದಲು ಅಗಲ ತಿರುವಿನ ಬೆಂಡ್ ಹಾಕಿದೆ. ಕತ್ತರಿಸಿದ ಪ್ರತಿ ತುದಿಯ ಒಳ ಅಂಚನ್ನು ರೀಮರ್‌ನಿಂದ ಕೆರೆದು ನುಣುಪು ಮಾಡಿದ ಮೇಲೆಯೇ ಬೆಸುಗೆಗೆ ಕೈಹಾಕಿದೆ. ಅರೆ ನಿಮಿಷದ ಈ ಕೆಲಸವನ್ನು ನಮ್ಮ ಪ್ಲಂಬರ್‌ಗಳು ಬಿಡುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಪಂಪನ್ನು ಕಡಿಮೆ ವೇಗಕ್ಕೆ ಇಳಿಸಿ, ನೀರಿನ ಬಿಸಿಯನ್ನು 55 ಡಿಗ್ರಿಗೆ ನಿಲ್ಲಿಸಿ ಮತ್ತೆ ಬಕೆಟ್ ಹಿಡಿದೆ. ತುಂಬಲು 75 ಸೆಕೆಂಡ್ ಹಿಡಿಯಿತು. ವೇಗ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಾಗಿತ್ತು.