ಎಂ6 ಸ್ಕ್ರೂ ಹಿಡಿದು ಎನ್‌ಫೀಲ್ಡ್ ಸೈಟ್ ಕೂರಿಸಿದ್ದು: ನನ್ನ ಅನುಭವ

ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರುವ ಬೆಳಗಾವಿಯಲ್ಲಿ ಹಳೇ ರೈಫಲ್ ಬಗ್ಗೆ ಸಲಹೆಗೆ ಬರವಿಲ್ಲ. ಗಲ್ಲಿಗೊಬ್ಬ ರಿಟೈರ್ಡ್ ಸುಬೇದಾರ್ ಸಿಗುತ್ತಾರೆ. ನನ್ನ ರೈಫಲ್ಲಿನ ಗುಂಡು ಬಲಕ್ಕೆ, ಮೇಲಕ್ಕೆ ಹೋಗುತ್ತಿದೆ ಅಂದರೆ ಎಲ್ಲರದೂ ಒಂದೇ ಮಾತು: "ಎಡಕ್ಕ ಹಿಡದ್ ಹೊಡೀರಿ, ಆತು. ಸೈಟ್ ಯಾಕ್ ಮುಟ್ತೀರಿ?" ನಾನು ಸೈಟ್, ಅಂದರೆ ಗುರಿ ಹಿಡಿಯುವ ಭಾಗ, ಮುಟ್ಟಿಯೇ ಬಿಟ್ಟೆ. ಈಗ ಐದು ಗುಂಡು ಹತ್ತು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಬೀಳುತ್ತಿವೆ, ಅದೂ ನಡುಮಧ್ಯ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು .22ರ ಲೀ-ಎನ್‌ಫೀಲ್ಡ್ ನಂ. 2. ಎನ್‌ಸಿಸಿಯಲ್ಲಿ ಹೊಡೆದವರಿಗೆ ಗೊತ್ತಿರುತ್ತದೆ, ಖಾಲಿ ಕೇಸ್ ಮ್ಯಾಗಜೀನ್ ಡಬ್ಬಿಗೇ ಬೀಳುತ್ತದಲ್ಲ, ಅದೇ. 25 ಮೀಟರ್‌ನಲ್ಲಿ ಗ್ರೂಪ್ ಚೆನ್ನಾಗಿಯೇ ಇತ್ತು, ಅಂದರೆ ಗುಂಡುಗಳು ಒಂದೇ ಕಡೆ ಬೀಳುತ್ತಿದ್ದವು. ಆದರೆ ನಾಲ್ಕು ಸೆಂ.ಮೀ. ಬಲಕ್ಕೆ, ಐದು ಸೆಂ.ಮೀ. ಮೇಲೆ. ಹಿಂದಿನ ಸೈಟಿನ ಏರಿಸಿ ಇಳಿಸುವ ಲೀಫ್ ಆಗಲೇ ಪೂರ್ತಿ ಕೆಳಗಿತ್ತು. ಅದರಲ್ಲಿ ಎಡ-ಬಲ ಸರಿಸುವ ವ್ಯವಸ್ಥೆಯೂ ಇಲ್ಲ. ಉಳಿದದ್ದು ಮುಂದಿನ ಸೈಟಿನ ತೆಳು ಪಟ್ಟಿ, ಅಂದರೆ ಬ್ಲೇಡ್ ಒಂದೇ.

ಮೊದಲು ಒಬ್ಬ ಮೆಕ್ಯಾನಿಕ್ ಹಿತ್ತಾಳೆ ಪಂಚ್ ಇಟ್ಟು ಸುತ್ತಿಗೆಯಿಂದ ಬಡಿದ. ಬ್ಲೇಡ್ ಜಗ್ಗಲಿಲ್ಲ. ಇನ್ನೊಂದು ಪೆಟ್ಟು ಹಾಕಿದಾಗ ಒಮ್ಮೆಲೇ ಜಾರಿ, ಗುಂಡು ಒಂದು ಗೇಣು ಎಡಕ್ಕೆ ಹೋಯಿತು. ವಾಪಸ್ ಬಡಿದರೆ ಮತ್ತೆ ಬಲಕ್ಕೆ. ಇದರಲ್ಲೇ ಮೂರೂವರೆ, ನಾಲ್ಕು ಸಾವಿರ ರೂಪಾಯಿಯ ಗುಂಡು ಸುಟ್ಟೆ. ಆಮೇಲೆ ಅವನ ಕಡೆ ಹೋಗಲಿಲ್ಲ.

ಎರಡು ಸೈಟ್‌ಗಳ ನಡುವಿನ ಅಂತರ ಅಳೆದೆ, ಸುಮಾರು 49 ಸೆಂ.ಮೀ. ಅಂದರೆ ಬ್ಲೇಡ್ ಒಂದು ಮಿಲಿಮೀಟರ್ ಸರಿದರೆ 25 ಮೀಟರ್‌ನಲ್ಲಿ ಗುಂಡು ಐದು ಸೆಂ.ಮೀ. ಸರಿಯುತ್ತದೆ. ನನಗೆ ಬೇಕಾದದ್ದು 0.8 ಮಿ.ಮೀ. ಸುತ್ತಿಗೆಗೆ ಅಷ್ಟು ನಾಜೂಕು ಎಲ್ಲಿಂದ ಬರಬೇಕು? ಎಂ6, ಅಂದರೆ ಆರು ಮಿ.ಮೀ. ದಪ್ಪದ ಸಾಮಾನ್ಯ ಸ್ಕ್ರೂನ ಪಿಚ್ (ಎರಡು ಎಳೆಗಳ ನಡುವಿನ ಅಂತರ) ಸರಿಯಾಗಿ ಒಂದು ಮಿ.ಮೀ. ಇರುತ್ತದೆ. ಒಂದು ಸುತ್ತು ತಿರುಗಿಸಿದರೆ ಒಂದು ಮಿ.ಮೀ., ಕಾಲು ಸುತ್ತು ತಿರುಗಿಸಿದರೆ ಕಾಲು ಮಿ.ಮೀ. ಹಾಗಾಗಿ ಬ್ಲೇಡ್ ಪಕ್ಕಕ್ಕೆ ತಳ್ಳಲು, ಉದ್ಯಮಬಾಗ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯಲ್ಲಿ ಯು ಆಕಾರದ ಒಂದು ಕ್ಲ್ಯಾಂಪ್ ಮಾಡಿಸಿದೆ. ಅದರಲ್ಲಿ ಎಂ6 ಸ್ಕ್ರೂ, ತುದಿಗೆ ಹಿತ್ತಾಳೆ ತುಂಡು. ಲೇತಿನವನು "ಇಷ್ಟ್ ಸಣ್ಣ ಕೆಲಸಕ್ಕ ಬಂದ್ರೇನ್ರೀ ಸಾಹೇಬ್ರ" ಅಂತ ನಕ್ಕ. ಆದರೂ ಸುಮಾರು ಏಳುನೂರು ತಗೊಂಡ.

ಬ್ಲೇಡ್ ಎತ್ತರವಾದರೆ ಗುಂಡು ಕೆಳಗಿಳಿಯುತ್ತದೆ, ಹಾಗಾಗಿ ಎತ್ತರದ ಬ್ಲೇಡ್ ಕೂಡ ಅವನ ಹತ್ತಿರವೇ ಕಡೆಸಿದೆ. ಬೇಕಾದ್ದಕ್ಕಿಂತ ಅರ್ಧ ಮಿ.ಮೀ. ಜಾಸ್ತಿಯೇ ಇಟ್ಟುಕೊಂಡು ರೇಂಜ್‌ನಲ್ಲೇ ಸ್ವಲ್ಪ ಸ್ವಲ್ಪ ಉಜ್ಜಿದೆ. ಗುಂಡು ಕೆಳಗೆ ಬೀಳುತ್ತಿದ್ದರೆ ಉಜ್ಜಬಹುದು. ಮೇಲೆ ಹೋದ ಮೇಲೆ ಮತ್ತೆ ಲೇತಿಗೇ ಓಡಬೇಕು. ಎಡ-ಬಲಕ್ಕೆ ಬಂದರೆ, ಗುಂಡು ಬಲಕ್ಕೆ ಬಿದ್ದಾಗ ಮುಂದಿನ ಸೈಟನ್ನು ಬಲಕ್ಕೇ ತಳ್ಳಬೇಕು. ಇದನ್ನು ಗೋಡೆ ಮೇಲೆ ಬರೆದುಕೊಳ್ಳಿ, ರೇಂಜ್‌ನಲ್ಲಿ ಹತ್ತು ಜನ ಹತ್ತು ತರ ಹೇಳುತ್ತಾರೆ.

ಪ್ರತಿ ಸಲ ರೈಫಲ್ ಬೋಲ್ಟ್ ಹೊರಗೆ ತೆಗೆದಿಟ್ಟು, ನೋಸ್‌ಕ್ಯಾಪ್ (ಮುಂತುದಿಯ ಲೋಹದ ಕವಚ) ಬಿಚ್ಚಿ, ಕ್ಲ್ಯಾಂಪ್ ಹಾಕಬೇಕು. ಬೇಜಾರಿನ ಕೆಲಸವೇ. ನೋಸ್‌ಕ್ಯಾಪ್ ಸ್ಕ್ರೂ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದು ಗೆರೆ ಎಳೆದುಕೊಳ್ಳಿ, ವಾಪಸ್ ಅಷ್ಟೇ ಬಿಗಿ ಮಾಡಿ. ಇಲ್ಲದಿದ್ದರೆ ಗ್ರೂಪ್ ಬೇರೆ ಕಡೆ ಹೋಗುತ್ತದೆ, ನೀವು ಸೈಟಿಗೆ ಬೈಯುತ್ತೀರಿ. ಸ್ಕ್ರೂ ಬ್ಲೇಡಿಗೆ ತಾಗಿ ಬಿಗಿಯಾದ ಮೇಲೆಯೇ ಸುತ್ತು ಎಣಿಸಬೇಕು. ಸಡಿಲದಲ್ಲಿ ತಿರುಗಿದ್ದು ಲೆಕ್ಕಕ್ಕಿಲ್ಲ. ಕೊನೆಗೆ ಬ್ಲೇಡ್ ಅಲುಗದಂತೆ ಏನು ಹಚ್ಚುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುತ್ತದೆ, ಅಷ್ಟು ಹೇಳಬಲ್ಲೆ.

ಬ್ಲೇಡ್ ಹೊಳೆಯದಿರಲು ಕರ್ಪೂರದ ಹೊಗೆ ಹಿಡಿಯುತ್ತೇನೆ. ಮೊಂಬತ್ತಿಯ ಮಸಿಗಿಂತ ಇದು ಕಪ್ಪು. ನಡುವೆ ಇನ್ನೊಂದು ಪ್ರಯೋಗ ಮಾಡಿದೆ: ಕನ್ನಡಕಕ್ಕೆ ಕಪ್ಪು ಟೇಪ್ ಅಂಟಿಸಿ ಸೂಜಿಯಿಂದ ಸಣ್ಣ ತೂತು. ಐವತ್ತು ದಾಟಿದ ಕಣ್ಣಿಗೆ ಹಿಂದಿನ ಸೈಟ್, ಬ್ಲೇಡ್, ಟಾರ್ಗೆಟ್ ಮೂರೂ ಒಟ್ಟಿಗೆ ಸ್ಪಷ್ಟ! ಆದರೆ ಜುಲೈ ಮೋಡದಲ್ಲಿ ಏನೂ ಕಾಣಲಿಲ್ಲ. ಬೇಸಿಗೆಗೆ ಸರಿ.

ನಮ್ಮ ಮಳೆ ಕಟ್ಟಿಗೆಯನ್ನೂ ಬಿಡಲ್ಲ. ಬ್ಯಾರೆಲ್ ಕೆಳಗಿನ ಕಟ್ಟಿಗೆ ಉಬ್ಬಿ ಬ್ಯಾರೆಲ್ ಒತ್ತಿ, ಗ್ರೂಪ್ ಒಂದೊಂದೂವರೆ ಸೆಂ.ಮೀ. ಮೇಲೇರಿತು. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ ಹಚ್ಚಿ ನೋಡಿದರೆ ಮೇಲೆ ಪೊರೆ ಕಟ್ಟಿ ಜಿಗಿಜಿಗಿ ಆಯಿತು. ಅದನ್ನು ಉಜ್ಜಿ ತೆಗೆದು, ಗಾಣದ ಹಸಿ ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಉಣಿಸಿದೆ. ಕಟ್ಟಿಗೆಯ ಒಳಮೈಗೂ ಬಿಡಲಿಲ್ಲ. ಈಗ ಆ ಏರಿಕೆ ಅರ್ಧ ಸೆಂ.ಮೀ. ಒಳಗೇ ಇದೆ.

50 ಮೀಟರ್‌ನಲ್ಲಿ ಲೆಕ್ಕ ಡಬಲ್, ಒಂದು ಮಿ.ಮೀ.ಗೆ ಹತ್ತು ಸೆಂ.ಮೀ. ಆ ಟಾರ್ಗೆಟ್‌ನ ಕಪ್ಪು ವೃತ್ತವೇ 11.24 ಸೆಂ.ಮೀ. ಅಗಲ, ಹಾಗಾಗಿ ಅಲ್ಲಿ ಬ್ಲೇಡ್ ಸರಿಸುವುದಾದರೆ ಒಮ್ಮೆಗೆ ಕಾಲು ಸುತ್ತಿನ ಅರ್ಧದಷ್ಟು ಮಾತ್ರ. ನನಗಂತೂ ಬ್ಲೇಡ್ ಮತ್ತೆ ಮುಟ್ಟಬೇಕಾಗಲಿಲ್ಲ, ಹಿಂದಿನ ಲೀಫ್ ಸ್ವಲ್ಪ ಏರಿಸಿದ್ದೇ ಸಾಕಾಯಿತು. ಮೊನ್ನೆ, ಸೈಟ್ ಯಾಕ್ ಮುಟ್ತೀರಿ ಅಂದಿದ್ದವರಲ್ಲೇ ಒಬ್ಬ ಸುಬೇದಾರ್ ಕಾಕಾ ಆ ಕ್ಲ್ಯಾಂಪ್ ಎರಡು ದಿನಕ್ಕೆ ಕೊಡು ಅಂತ ಒಯ್ದಿದ್ದಾರೆ. ಇನ್ನೂ ವಾಪಸ್ ಬಂದಿಲ್ಲ.